ಎರಡನೇ ಹುದಾಕನ ಗೋಲು

ಅಲ್ ಕುಸೈಸ್, ಸೋಮವಾರ

ಬೆಳಿಗ್ಗೆ ಐದೂವರೆಗೆ ಎದ್ದೆ. ಹಾಲು ಕಾಯಿಸಿದೆ. ತಂಗಿ ವನಿತಾಳಿಗೂ ಅವಳ ಗಂಡ ಸುಧಾಕರರಿಗೂ ಬುತ್ತಿಗೆ ಚಪಾತಿ, ಅಲಸಂಡೆ ಪಲ್ಯ. ಬಟ್ಟೆ ಮೆಶಿನಿಗೆ ಹಾಕಿ, ತೆಗೆದು, ಒಣಹಾಕಿದೆ. ಬಾಲ್ಕನಿ ಕಂಬಿಯ ಮೇಲೆ ಕೂತ ಮರಳು ಒರೆಸಿದೆ. ಹತ್ತೂವರೆಗೆ ಮತ್ತೊಮ್ಮೆ ಒರೆಸಿದೆ. ಕುಂಡದ ಕರಿಬೇವಿಗೆ ನೀರು. ಊರಿಗೆ ಫೋನು. ನಮ್ಮ ಮನೆಯವರು ಅಂಗಡಿ ಬಾಗಿಲು ತೆರೆದಾಗಿತ್ತು, ತಿಂಡಿ ಹೋಟೆಲಿನಲ್ಲಿ ಆಗಿತ್ತಂತೆ. ಮಧ್ಯಾಹ್ನಕ್ಕೆ ಬೇಳೆ ಸಾರು, ಒಂದು ಹಪ್ಪಳ. ಮೂರು ಗಂಟೆಗೆ ಬಾಗಿಲ ಗಂಟೆ ಹೊಡೆಯಿತು.

ದುಬಾಯಿಗೆ ಬಂದ ಎಂಟನೇ ದಿನದ ಪಟ್ಟಿ ಇದು. ಎತ್ತರದ ಕಟ್ಟಡ, ಕುಣಿಯುವ ಕಾರಂಜಿ, ಚಿನ್ನದ ಅಂಗಡಿ ಎಲ್ಲ ಮೊದಲ ನಾಲ್ಕು ದಿನದಲ್ಲೇ ಮುಗಿದಿದ್ದವು. ಅವುಗಳ ಫೋಟೋ ನೀವೆಲ್ಲ ನೋಡಿದ್ದೀರಿ. ಐದನೇ ದಿನದಿಂದ ತಂಗಿ ಆಸ್ಪತ್ರೆಗೆ, ಸುಧಾಕರ ಜೆಬೆಲ್ ಅಲಿಯ ಗೋದಾಮಿಗೆ. ನಾನು, ಕರಿಬೇವು ಮತ್ತು ಮರಳು. ಬೆಳ್ಮಣ್ಣಿನ ನಮ್ಮ ಮಹಿಳಾ ಮಂಡಲದ ನಡಾವಳಿ ಪುಸ್ತಕವನ್ನು ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿರುವವಳು ನಾನು. ಬರೆದಿಡದಿದ್ದರೆ ದಿನವೇ ಆಗಲಿಲ್ಲ ಅನ್ನಿಸುತ್ತದೆ. ಹಾಗಾಗಿ ಇಲ್ಲಿಗೂ ಒಂದು ನೋಟುಬುಕ್ಕು ತಂದಿದ್ದೆ.

ಬಾಗಿಲು ತೆರೆದರೆ ನೀಳವಾದ ಒಬ್ಬ ಬಿಳಿ ಹುಡುಗಿ, ಅವಳ ಹಿಂದೆ ಅವಳಷ್ಟೇ ಉದ್ದದ ಒಬ್ಬ ಮುದುಕರು. ಹುಡುಗಿಯ ಹೆಸರು ಜುಜಾನಾ ಎಂದು ವನಿತಾ ಮೊದಲೇ ಹೇಳಿದ್ದಳು. ಅವಳ ಆಸ್ಪತ್ರೆಯಲ್ಲೇ ಫಿಸಿಯೋಥೆರಪಿಸ್ಟ್, ನಮ್ಮ ಮೇಲಿನ ಮಾಳಿಗೆಯಲ್ಲೇ ಮನೆ. ಮುದುಕರು ಅವಳ ತಂದೆ ಯೋಜೆಫ್. ಸ್ಲೊವಾಕಿಯಾ ಎಂಬ ದೇಶದ ಒಂದು ಸಣ್ಣ ಪೇಟೆಯಿಂದ ಬಂದವರು. ನನ್ನ ಹಾಗೆಯೇ ಹಗಲಿಡೀ ಒಬ್ಬರೇ ಕೂತಿರುತ್ತಾರಂತೆ. ಇಬ್ಬರನ್ನೂ ಪರಿಚಯ ಮಾಡಿಸಿ ಜೊತೆ ಹಾಕಿದರೆ ಎರಡು ಮನೆಯ ಚಿಂತೆ ಕಳೆಯುತ್ತದೆ ಎಂಬುದು ಆ ಇಬ್ಬರು ಗೆಳತಿಯರ ಉಪಾಯ.

ನಾನು ಮೊದಲು ನೋಡಿದ್ದು ಅವರ ಕಾಲು. ಯಾರೂ ಹೇಳದೆ ಬಾಗಿಲಲ್ಲೇ ಬೂಟು ಕಳಚಿ, ಗೋಡೆಗೆ ಸರಿಯಾಗಿ ಜೋಡಿಸಿಟ್ಟು, ಕೈಚೀಲದಿಂದ ಬಟ್ಟೆಯ ಚಪ್ಪಲಿ ತೆಗೆದು ಹಾಕಿಕೊಂಡರು. ಬಿಳಿಯರು ಮಂಚದವರೆಗೂ ಬೂಟಿನಲ್ಲೇ ಹೋಗುತ್ತಾರೆಂದು ನಾನು ತಿಳಿದಿದ್ದೆ. ಅವರ ಊರಲ್ಲಿ ಬೂಟು ಹಾಕಿ ಒಳಗೆ ಬಂದರೆ ಅಜ್ಜಿಯಂದಿರು ಪೊರಕೆ ಹಿಡಿಯುತ್ತಾರಂತೆ. ಅಲ್ಲಿಗೆ ಅರ್ಧ ಸಂಬಂಧ ಕೂಡಿತು.

ಉಳಿದರ್ಧ ಕೂಡಿಸಿದ್ದು ಗಸಗಸೆ. ಅವರು ಮಗಳಿಗೆಂದು ಗಸಗಸೆ ತುಂಬಿದ ಸಿಹಿರೊಟ್ಟಿ ಮಾಡಿಸಿದ್ದರಂತೆ. ದುಬಾಯಿಗೆ ಗಸಗಸೆ ತಂದರೆ ಜೈಲು ಎಂದು ಮಗಳು ಫೋನಿನಲ್ಲಿ ಕಿರುಚಿ ಬಿಡಿಸಿದ್ದಳು. ನನಗೂ ವನಿತಾ ಅದನ್ನೇ ಮಾಡಿದ್ದಳು. ಪಾಯಸಕ್ಕೆಂದು ಕಟ್ಟಿದ್ದ ಪೊಟ್ಟಣವನ್ನು ಮಂಗಳೂರು ವಿಮಾನ ನಿಲ್ದಾಣದ ಬಾಗಿಲಲ್ಲಿ ನಮ್ಮ ಮನೆಯವರ ಕೈಗೆ ಕೊಟ್ಟು ಬಂದಿದ್ದೆ. ಇದನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಜುಜಾನಾ ಅವರ ಭಾಷೆಗೆ ತಿರುಗಿಸಿದಳು. ಮುದುಕರು ತೊಡೆ ತಟ್ಟಿ ನಕ್ಕರು.

ನಮ್ಮೂರ ಕಡೆ ತುಳುವಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬು ಎಂದು ಮರ್ಯಾದೆಯಿಂದ ಕರೆಯುವುದುಂಟು. ಯೋಜೆಫ್ ಎಂಬುದು ನನ್ನ ನಾಲಿಗೆಗೆ ಒಗ್ಗಲಿಲ್ಲ. ಪೊರ್ಬುಗಳೇ ಎಂದೆ. ಅವರಿಗೆ ಅದು ಬಹಳ ಇಷ್ಟವಾಯಿತು.

ಅಲ್ ಮುರಕ್ಕಬಾತ್, ಬುಧವಾರ

ಜುಜಾನಾಳಿಗೆ ರಜೆ. ಪ್ರಿಂಟರಿನ ಇಂಕು ತರಲು ಮೂವರೂ ಮೆಟ್ರೋ ಹಿಡಿದು ಹೊರಟೆವು. ಮಹಿಳೆಯರ ಡಬ್ಬಿಯ ಗುಲಾಬಿ ಗೆರೆಯನ್ನು ನೋಡದೆ ಪೊರ್ಬುಗಳು ನಮ್ಮ ಜೊತೆಗೇ ಹತ್ತಿಬಿಟ್ಟರು. ಹತ್ತು ಹೆಂಗಸರು ಒಟ್ಟಿಗೆ ಅವರತ್ತ ತಿರುಗಿದರು. ಅವರು ಟೋಪಿ ತೆಗೆದು ಹತ್ತೂ ಜನರಿಗೆ ಬೇರೆ ಬೇರೆಯಾಗಿ ತಲೆಬಾಗಿ, ಮುಂದಿನ ಡಬ್ಬಿಗೆ ಹೋದರು. ಇಳಿಯುವವರೆಗೂ ಗಾಜಿನಾಚೆಯಿಂದ ನಮಗೆ ಕೈ ಬೀಸುತ್ತಿದ್ದರು.

ಅಲ್ ಮುರಕ್ಕಬಾತಿನಲ್ಲಿ ಅಂಗಡಿ, ಹೋಟೆಲು, ಮತ್ತೆ ಅಂಗಡಿ. ಇಂಕು ಸಿಕ್ಕಿತು. ನಾನು ಒಂದು ನೀಲಿ ಪೆನ್ನು ಕೊಂಡೆ. ಆಮೇಲೆ ಒಂದು ಚಾ ಅಂಗಡಿಯಲ್ಲಿ ಕೂತೆವು. ಏಲಕ್ಕಿ ಹಾಕಿದ ಕಡಕ್ ಚಾ. ಪೊರ್ಬುಗಳು ಒಂದು ಗುಟುಕು ಕುಡಿದು, ಇದು ಚಹಾ ಅಲ್ಲ ಊಟ ಎಂದರು, ಇನ್ನೊಂದು ತರಿಸಿದರು.

ಇಂಕು ಯಾತಕ್ಕೆ ಎಂದು ಕೇಳಿದೆ. ಆಗ ಪುಸ್ತಕದ ವಿಷಯ ಹೊರಬಂತು.

ಅವರ ಪೇಟೆಯಲ್ಲೊಂದು ಫುಟ್ಬಾಲ್ ಕ್ಲಬ್ಬಿದೆ. ದೊಡ್ಡದೇನಲ್ಲ. ಹೊಳೆಬದಿಯಲ್ಲಿ ಒಂದು ಮೈದಾನು, ಮರದ ಬೆಂಚು, ಒಂದು ಬಿಯರ್ ಕಿಟಕಿ. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಮನೆಯಲ್ಲಿ ಕೋಳಿ ಸೂಪು ಕುಡಿದು, ಊರಿಡೀ ಮೈದಾನಿಗೆ ಹೋಗುತ್ತದೆ. ಅಲ್ಲಿ ಪ್ರತಿ ಊರಿಗೂ ಪ್ರತಿ ಸಂಘಕ್ಕೂ ಒಂದೊಂದು ದಪ್ಪ ಪುಸ್ತಕವಂತೆ. ನಡೆದದ್ದನ್ನೆಲ್ಲ ಬರೆದಿಡಲು ಒಬ್ಬನನ್ನು ನೇಮಿಸುತ್ತಾರೆ. ಸದ್ಯ ಆ ಕೆಲಸ ಪೊರ್ಬುಗಳದು. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ನಾಲ್ಕು ಸಾವಿರ ಕಿಲೋಮೀಟರೋ ಎಷ್ಟೋ ಆಚೆಯಿಂದ ಬಂದ ಮನುಷ್ಯ ನನ್ನದೇ ಕೆಲಸದವರು!

ಬೇಸಗೆಯಲ್ಲಿ ಕ್ಲಬ್ಬಿನ ದೊಡ್ಡ ಹಬ್ಬ. ಅದಕ್ಕೊಂದು ಚರಿತ್ರೆ ಪುಸ್ತಕ ಅಚ್ಚಾಗಬೇಕು. ಬರುವ ಶನಿವಾರದ ಮರು ಶನಿವಾರ ಪ್ರೆಸ್ಸಿಗೆ ಕಳಿಸುವ ಕೊನೆ ದಿನ. ಹಳೇ ಪುಸ್ತಕವನ್ನು ದಿಂಬಿನ ಚೀಲದಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಾರೆ. ಅವರು ಓದಿ ಹೇಳುವುದು, ಮಗಳು ಸಂಜೆ ಕೂತು ಟೈಪು ಮಾಡುವುದು.

“ಎಷ್ಟಾಯಿತು?” ಎಂದೆ.

“ಎಲ್ಲ ಆಯಿತು, ಒಂದು ಪುಟ ಬಿಟ್ಟು,” ಎಂದಳು ಜುಜಾನಾ. ಅಪ್ಪ ಇಂಕಿನ ಡಬ್ಬಿಯ ಮೇಲಿನ ಅಕ್ಷರ ಓದುತ್ತಾ ಕೂತರು.

ಆ ಪುಟದ ಕತೆಯನ್ನು ಅವಳೇ ಹೇಳಿದಳು. ಮಹಾಯುದ್ಧ ಮುಗಿದ ಮೇಲಿನ ಒಂದು ಬೇಸಗೆ, ಆ ಕ್ಲಬ್ಬು ಒಂದೇ ಗೋಲಿನಿಂದ ಪಕ್ಕದ ದೊಡ್ಡ ಪೇಟೆಯನ್ನು ಸೋಲಿಸಿ ಮೇಲಿನ ದರ್ಜೆಗೆ ಏರಿತು. ಮತ್ತೆಂದೂ ಏರಲಿಲ್ಲ. ಹಾಗಾಗಿ ಆ ಊರಿಗೆ ಗೋಲು ಎಂದರೆ ಅದೊಂದೇ. ಅದನ್ನು ಹೊಡೆದದ್ದು ಹುದಾಕ್ ಮನೆತನದವನು. ಆಗ ತಂಡದಲ್ಲಿ ಮೂವರು ಹುದಾಕ್ ಅಣ್ಣತಮ್ಮಂದಿರು: ಹಿರಿಯ ಯಾನ್, ನಡುವಿನ ಷ್ಟೆಫಾನ್, ಕಿರಿಯ ಓಂದ್ರೇಯ್. ಅಡ್ಡಹೆಸರು ಒಂದೇ ಆದ್ದರಿಂದ ಪುಸ್ತಕದಲ್ಲಿ ವಯಸ್ಸಿನ ಪ್ರಕಾರ ಹುದಾಕ್ ಒಂದು, ಎರಡು, ಮೂರು ಎಂದು ಬರೆಯುವುದು ಪದ್ಧತಿ. ಆ ದಿನದ ಪುಟದಲ್ಲಿ ‘ಗೋಲು: ಹುದಾಕ್ ಎರಡು’ ಎಂದಿದೆ. ಷ್ಟೆಫಾನ್ ನಮ್ಮ ಪೊರ್ಬುಗಳ ತಂದೆ.

“ಮತ್ತೇನು ತೊಂದರೆ?”

“ಓಂದ್ರೇಯ್ ಅಜ್ಜ ಇನ್ನೂ ಇದ್ದಾರೆ. ತೊಂಬತ್ತು ವರ್ಷ. ಆ ಗೋಲು ನನ್ನದು ಅನ್ನುತ್ತಾರೆ.”

ಅಷ್ಟರಲ್ಲಿ ಪೊರ್ಬುಗಳು ತಲೆ ಎತ್ತಿದರು. ತಮಗೆ ಬರುವ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ ನನಗೇ ನೇರವಾಗಿ ಹೇಳಿದರು: “ಆ ದಿನ ಪುಸ್ತಕದಲ್ಲಿ ಹುದಾಕ್ ಒಂದು ಇದೆ. ಎರಡು ಇದೆ. ಮೂರು ಇಲ್ಲ. ಚಿಕ್ಕಪ್ಪ ಮೈದಾನಿನಲ್ಲೇ ಇಲ್ಲ. ಪುಸ್ತಕ ಸುಳ್ಳು ಹೇಳುವುದಿಲ್ಲ.”

ಹೋದ ವರ್ಷ ಬಿಯರ್ ಕಿಟಕಿಯ ಮುಂದೆ ಎಲ್ಲರೆದುರು ಚಿಕ್ಕಪ್ಪನಿಗೆ ಅದನ್ನೇ ಹೇಳಿದ್ದರಂತೆ. ನೀನು ಆಡಿಯೇ ಇಲ್ಲ, ಸುಮ್ಮನಿರು ಎಂದು. ಅಂದಿನಿಂದ ಓಂದ್ರೇಯ್ ಮೈದಾನಿಗೆ ಬರುವುದನ್ನು ಬಿಟ್ಟರು. ಹುಟ್ಟಿದಾಗಿನಿಂದ ಬಿಡದಿದ್ದ ಭಾನುವಾರವನ್ನು ತೊಂಬತ್ತನೇ ವರ್ಷಕ್ಕೆ ಬಿಟ್ಟರು. ಯೋಜೆಫರಿಗೆ ಆರು ವರ್ಷವಾಗಿದ್ದಾಗ ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿ ತಂದೆ ತೀರಿಕೊಂಡಿದ್ದರು. ಅವರದ್ದೆಂದು ಇವರಲ್ಲಿ ಇರುವುದು ಒಂದು ಟೋಪಿ, ಒಂದು ಫೋಟೋ, ಮತ್ತು ಆ ಗೋಲು.

ಹಿಂತಿರುಗುವಾಗ ಮಹಿಳೆಯರ ಡಬ್ಬಿಯ ಗುಲಾಬಿ ಗೆರೆಯ ಈಚೆ ಪೊರ್ಬುಗಳು ಸೈನಿಕನಂತೆ ನಿಂತಿದ್ದರು. ನನಗೆ ಅವರ ಮೇಲೂ ಕನಿಕರ, ನೋಡದ ಆ ಅಜ್ಜನ ಮೇಲೂ ಕನಿಕರ.

ಜೆಬೆಲ್ ಅಲಿ, ಶುಕ್ರವಾರ

ಇಲ್ಲಿ ಶುಕ್ರವಾರವೇ ಭಾನುವಾರ. ಸುಧಾಕರರ ಕಂಪೆನಿಯವರು ಬೆಳಿಗ್ಗೆ ಬಿಸಿಲೇರುವ ಮೊದಲು ವಾಲಿಬಾಲ್ ಆಡುತ್ತಾರೆ. ಕಂಪೆನಿ ಬಸ್ಸಿನಲ್ಲೇ ನಮ್ಮನ್ನೂ ಕರೆದೊಯ್ದರು. ಪೊರ್ಬುಗಳು ಇಗರ್ಜಿಗೆ ಹೋಗುವ ದಿನ, ಆದರೆ ಆಟ ಎಂದ ಕೂಡಲೇ ಪೂಜೆಯನ್ನು ಸಂಜೆಗೆ ಹಾಕಿ ಮೊದಲ ಸೀಟಿನಲ್ಲಿ ಕೂತರು. ಬಂದರಿನ ಹತ್ತಿರ ಕಣ್ಣು ಹಾಯಿಸಿದಷ್ಟು ದೂರ ಗೋದಾಮು, ಒಂದರ ಮೇಲೊಂದು ಪೇರಿಸಿದ ಕಂಟೇನರು, ಕೆಲಸಗಾರರ ಕ್ಯಾಂಪುಗಳು. ಅವುಗಳ ಹಿಂದೆ ಖಾಲಿ ಮರಳು ಜಾಗ, ಎರಡು ಕಂಬ, ಒಂದು ಬಲೆ.

ಆ ಗೋದಾಮಿನಲ್ಲಿ ಶೆಟ್ಟರು ಮೂವರು. ಫೋನಿನಲ್ಲಿ ಶೆಟ್ಟಿ ಎಂದರೆ ಯಾವ ಶೆಟ್ಟಿ ಎಂದು ಗೊಂದಲವಾಗುವುದರಿಂದ ಕಂಪೆನಿಗೆ ಬಂದ ವರ್ಷದ ಲೆಕ್ಕದಲ್ಲಿ ಶೆಟ್ಟಿ ಒನ್, ಟೂ, ತ್ರೀ ಎಂದು ಕರೆಯುತ್ತಾರೆ. ಸುಧಾಕರ ಶೆಟ್ಟಿ ತ್ರೀ. ಶೆಟ್ಟಿ ಟೂ ಎಂದರೆ ಹೊಟ್ಟೆ ದೊಡ್ಡದಾದ, ಬಾಯಿ ಅದಕ್ಕಿಂತ ದೊಡ್ಡದಾದ ಸದಾನಂದ. ವಾರದ ಹಿಂದೆ ನಮ್ಮಲ್ಲಿಗೆ ಊಟಕ್ಕೆ ಬಂದು ಹನ್ನೊಂದು ನೀರುದೋಸೆ ತಿಂದವರು.

ರಟ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಯಾರಿಗೆ ಎಷ್ಟು ಪಾಯಿಂಟು ಎಂದು ಬರೆಯುತ್ತಿದ್ದರು. ಆಟ ನನಗೆ ಅರ್ಥವಾಗದ್ದು. ಮುಗಿದಾಗ ನಾನು ರಟ್ಟು ನೋಡಿ ನನ್ನ ನೋಟುಬುಕ್ಕಿಗೆ ಇಳಿಸಿದೆ: ‘ಶೆಟ್ಟಿ ಟೂ, ಒಂಬತ್ತು ಪಾಯಿಂಟು.’ ಆಮೇಲೆ ಸದಾನಂದರನ್ನು ಹುಡುಕಿ ಹೋಗಿ, ಒಂಬತ್ತು ಪಾಯಿಂಟೆಂದರೆ ಸಣ್ಣ ಮಾತಲ್ಲ, ನಿಮ್ಮ ಮೈಗೆ ಆ ಚುರುಕು ಎಲ್ಲಿಂದ ಬಂತು ಎಂದು ಹೊಗಳಿದೆ.

ಸುತ್ತಲಿದ್ದವರೆಲ್ಲ ಹೋ ಎಂದು ನಕ್ಕರು. ಸದಾನಂದ ಟವೆಲಿನಲ್ಲಿ ಮುಖ ಒರೆಸುತ್ತಾ, “ಅಯ್ಯೋ ಅಕ್ಕ, ನಾನು ಇವತ್ತು ಒನ್ ಅಲ್ವಾ! ನನ್ನದು ಎರಡೇ ಪಾಯಿಂಟು. ಒಂಬತ್ತು ಹೊಡೆದದ್ದು ನಿಮ್ಮ ಸುಧಾಕರ,” ಎಂದರು.

“ಅವರು ತ್ರೀ ಅಲ್ಲವಾ?”

“ಶೆಟ್ಟಿ ಒನ್ ರಜೆ ಮೇಲೆ ಊರಿಗೆ ಹೋಗಿದ್ದಾರಲ್ಲ. ಅವರು ಹೋದರೆ ನಮಗೆಲ್ಲ ಪ್ರಮೋಷನ್. ಬಂದ ಮೇಲೆ ಖಲಾಸ್, ಪುನಃ ಹಳೇ ಸೀಟು.”

“ಎಂತ ಮಾರಾಯ್ತಿ ಅಕ್ಕ, ನನ್ನ ಗಂಡನ ಪಾಯಿಂಟನ್ನು ಯಾರಿಗೋ ಹಂಚಿದ್ದೀಯಲ್ಲ,” ಎಂದು ವನಿತಾ ನನ್ನ ಪುಸ್ತಕ ಕಿತ್ತುಕೊಂಡು ತಾನೇ ಹೊಡೆದುಹಾಕಿ ತಿದ್ದಿದಳು. ಪೊರ್ಬುಗಳು ಏನಾಯಿತೆಂದು ತಿಳಿಯದೆ ಎಲ್ಲರ ಜೊತೆ ನಗುತ್ತಿದ್ದರು. ಜುಜಾನಾ ಡ್ಯೂಟಿಗೆ ಹೋಗಿದ್ದರಿಂದ ಅವರಿಗೆ ಹೇಳುವವರಿರಲಿಲ್ಲ.

ಬಸ್ಸಿನಲ್ಲಿ ಹಿಂತಿರುಗುವಾಗ ಎಲ್ಲರೂ ಹಾಡು ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮಾತ್ರ ಕಿಟಕಿಯಾಚೆ ಕಂಟೇನರುಗಳನ್ನು ನೋಡುತ್ತಾ ಕೂತಿದ್ದೆ. ಒಂದು ಸಂಶಯ ತಲೆಗೆ ಬಂದು ಕೂತಿತ್ತು.

ಅಲ್ ಕುಸೈಸ್, ಭಾನುವಾರ

ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಸಂಬಂಧವಿಲ್ಲದವರ ಮನೆ ವಿಷಯ. ಭಾನುವಾರ ಸಂಜೆ ಗೋಳಿಬಜೆ ಕರಿದು ಒಂದು ಡಬ್ಬಿಯಲ್ಲಿ ಹಾಕಿ ಮೇಲಿನ ಮಾಳಿಗೆಗೆ ಹೋದೆ. ತಂದೆ ಮಗಳು ಅದೇ ಪುಟದ ಮುಂದೆ ಕೂತಿದ್ದರು.

ಪುಸ್ತಕವನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಹಸಿರು ಬಟ್ಟೆಯ ರಟ್ಟು, ಕಂದು ಮಸಿ, ಓರೆಯಾದ ಚಂದದ ಅಕ್ಷರ. ಅಲ್ಲಲ್ಲಿ ಅಂಟಿಸಿದ ಫೋಟೋ. ಪೊರ್ಬುಗಳು ಬೆರಳಿಟ್ಟು ಒಂದು ಸಾಲು ಓದುವುದು, ಮೂರು ಸಾಲು ಬಿಡುವುದು ಹೀಗೆ ಮಾಡುತ್ತಿದ್ದರು.

“ಬಿಟ್ಟ ಸಾಲಿನಲ್ಲಿ ಏನಿದೆ?” ಎಂದೆ.

“ಏನೂ ಇಲ್ಲ. ಮನೆಗೆಲಸ,” ಎಂದರು ಪೊರ್ಬುಗಳು ಕೈ ಕೊಡವಿ. ಬೇಲಿಗೆ ಬಣ್ಣ, ಚೆಂಡಿಗೆ ಕೊಬ್ಬು ಸವರಿದ್ದು, ಯಾರ ಮನೆಯವರು ಅಂಗಿ ಒಗೆದರು, ಯಾರು ಬ್ರೆಡ್ಡು ತಂದರು. ಅಂಥದ್ದೆಲ್ಲ ಚರಿತ್ರೆಯಲ್ಲ.

ನಾನು ಇಪ್ಪತ್ತೆರಡು ವರ್ಷ ಬರೆದದ್ದು ಅದನ್ನೇ. ಸ್ವಲ್ಪ ಚುರುಕ್ಕೆಂದಿತು. “ನನಗೆ ಅದನ್ನೇ ಓದಿ ಹೇಳು ಜುಜಾನಾ,” ಎಂದೆ. ಅವಳು ನಗುತ್ತಾ ಪಂದ್ಯಕ್ಕಿಂತ ಎರಡು ಪುಟ ಹಿಂದಿನಿಂದ ಓದತೊಡಗಿದಳು. ಬೇಲಿ. ಚೆಂಡು. ಹೊಳೆಯ ನೀರು ಇಳಿಯಿತು. ಗೋಲುಕೀಪರನ ಮದುವೆಗೆ ಎಲ್ಲರೂ ಸೇರಿ ಒಂದು ಹಂದಿಮರಿ ಕೊಟ್ಟರು. ಗೋಳಿಬಜೆ ಒಂದೊಂದಾಗಿ ಖಾಲಿಯಾಗುತ್ತಿತ್ತು. ಆಮೇಲೆ ಅವಳು ಓದಿದಳು:

“ಯಾನೋನ ಮನೆಗೆ ಸೇಬು ಮತ್ತು ಒಂದು ಬಾಟಲಿ ಪ್ಲಮ್ ಸಾರಾಯಿ ಒಯ್ದು ಕೊಡಲಾಯಿತು. ಕಾಲಿನ ಪ್ಲಾಸ್ಟರು ಕೊಯ್ಲು ಮುಗಿಯುವವರೆಗೆ ತೆಗೆಯುವಂತಿಲ್ಲ.”

“ಯಾನೋ ಯಾರು?”

“ಯಾನ್. ಪ್ರೀತಿಯಿಂದ ಯಾನೋ. ಅಪ್ಪನ ದೊಡ್ಡಪ್ಪ...” ಎನ್ನುತ್ತಾ ಅವಳು ನಿಂತಳು.

“ಪಂದ್ಯ ಯಾವಾಗ?”

ಅವಳು ಪುಟ ತಿರುಗಿಸಿ ನೋಡಿದಳು. ಎರಡು ವಾರದ ಮೇಲೆ. ಕೊಯ್ಲಿಗೆ ಇನ್ನೂ ತಿಂಗಳಿತ್ತು.

ನಾನು ಶೆಟ್ಟರ ಕತೆ ಹೇಳಿದೆ. ಎಷ್ಟು ಮೆಲ್ಲಗೆ ಹೇಳಲು ಸಾಧ್ಯವೋ ಅಷ್ಟು ಮೆಲ್ಲಗೆ. ಹಿರಿಯ ಶೆಟ್ಟಿ ಊರಿಗೆ ಹೋದ ದಿನ ಎರಡನೆಯವರು ಒಂದಾದರು, ಮೂರನೆಯವರು ಎರಡಾದರು. ಹಾಗೆಯೇ ಹಿರಿಯ ಹುದಾಕ್ ಪ್ಲಾಸ್ಟರಿನಲ್ಲಿ ಮಲಗಿದ್ದರೆ, ಆ ದಿನ ಮೈದಾನಿನಲ್ಲಿ ಹುದಾಕ್ ಒಂದು ಎಂದರೆ ಷ್ಟೆಫಾನ್. ಹುದಾಕ್ ಎರಡು ಎಂದರೆ ಓಂದ್ರೇಯ್.

ಜುಜಾನಾ ಅದನ್ನು ಅಪ್ಪನಿಗೆ ಹೇಳಿದಳು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ಆ ಸಾಲನ್ನು ತಾವೇ ಓದಿದರು. ಆಮೇಲೆ ಹಿಂದಿನ ವರ್ಷದ ಪುಟಗಳನ್ನು ತಿರುವಿದರು. ಒಂದು ಕಡೆ ಇಬ್ಬರೇ ಹುದಾಕರು, ಜೊತೆಗೆ ಷ್ಟೆಫಾನನಿಗೆ ಜ್ವರ ಎಂಬ ಸಾಲು. ಅಲ್ಲೂ ಮೂರು ಇಲ್ಲ, ಒಂದು ಮತ್ತು ಎರಡು ಮಾತ್ರ. ಪುಸ್ತಕ ಮುಚ್ಚಿದರು. ದಿಂಬಿನ ಚೀಲದಲ್ಲಿ ಸುತ್ತಿದರು. ನನಗೆ ಡಬ್ಬಿಯನ್ನು ತೊಳೆದು ಒರೆಸಿ ವಾಪಸು ಕೊಟ್ಟರು.

ಕೆಳಗೆ ಬಂದು ವನಿತಾಳಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. “ನಿನಗೆ ಯಾಕೆ ಬೇಕಿತ್ತು ಅಕ್ಕ? ಅವರು ಅಪ್ಪನ ಗೋಲು ಅಪ್ಪನ ಗೋಲು ಅಂತ ಇಲ್ಲಿಯ ಲಿಫ್ಟಿನಲ್ಲಿ ಸಿಕ್ಕಿದವರಿಗೂ ಹೇಳಿದ್ದಾರೆ.”

“ಬರೆದದ್ದು ತಪ್ಪಾಗಿತ್ತಲ್ಲ.”

“ಬರೆದದ್ದು ಸರಿಯೇ ಉಂಟು. ನೀನು ಓದಿದ್ದೇ ತಪ್ಪು.”

ಅವಳು ಸಿಟ್ಟಿನಲ್ಲಿ ಅಂದದ್ದು. ಆ ದಿನದ ಪುಟದಲ್ಲಿ ಗೋಳಿಬಜೆ ಎಂದಷ್ಟೇ ಬರೆದೆ.

ಅಬುಧಾಬಿ, ಮಂಗಳವಾರ

ವನಿತಾಳಿಗೂ ಜುಜಾನಾಳಿಗೂ ಒಟ್ಟಿಗೆ ರಜೆ ಸಿಕ್ಕುವ ಈ ದಿನ ಅಬುಧಾಬಿಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ಪೊರ್ಬುಗಳು ಬರಲಿಕ್ಕಿಲ್ಲ ಎಂದುಕೊಂಡೆ. ಬಂದರು. ಟೋಪಿ ತೆಗೆದು ನಮಸ್ಕಾರ ಹೇಳಿದರು, ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತರು. ಎರಡು ಗಂಟೆ ಹಾದಿಯಲ್ಲಿ ಮರಳು, ಖರ್ಜೂರದ ಸಾಲು, ಮತ್ತೆ ಮರಳು.

ದೊಡ್ಡ ಮಸೀದಿಯಲ್ಲಿ ಹೆಂಗಸರಿಗೆಲ್ಲ ತಲೆ ಮುಚ್ಚುವ ಒಂದೇ ಬಣ್ಣದ ನಿಲುವಂಗಿ ಕೊಡುತ್ತಾರೆ. ನಾನು ಸೀರೆಯ ಮೇಲೇ ತೊಟ್ಟೆ. ಬಿಳಿ ಕಲ್ಲಿನ ಅಂಗಳ ಎಷ್ಟು ನುಣುಪೆಂದರೆ ಮೋಡ ಕೆಳಗೆ ಕಾಣುತ್ತಿತ್ತು. ನೋಡುತ್ತಾ ನೋಡುತ್ತಾ ವನಿತಾಳ ಕೈ ಹಿಡಿದು, “ನಮ್ಮ ಮಂಡಲದವರನ್ನೆಲ್ಲ ಇಲ್ಲಿ ಗುಡಿಸಲಿಕ್ಕೆ ಬಿಟ್ಟರೆ ವರ್ಷ ಬೇಕು ಮಾರಾಯ್ತಿ,” ಎಂದೆ. ಕೈ ಮೆತ್ತಗೆ ಜಾರಿತು. ತಿರುಗಿದರೆ ಕೊರಿಯಾದವಳೋ ಚೀನಾದವಳೋ, ಬಹಳ ವಿನಯದಿಂದ ನಗುತ್ತಾ ನಿಂತಿದ್ದಾಳೆ. ನಿಜವಾದ ವನಿತಾಳನ್ನು ಹುಡುಕಲು ಕಾಲುಗಂಟೆ ಹಿಡಿಯಿತು. ಒಂದೇ ಬಣ್ಣದ ನೂರು ಬೆನ್ನುಗಳಲ್ಲಿ ಅವಳನ್ನು ಗುರುತಿಸಿದ್ದು ಅವಳ ಸೀನಿನಿಂದ.

ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮಜ್ಜಿಗೆ ಮೆಣಸು. ಜುಜಾನಾ, ವನಿತಾ ಫೋಟೋ ತೆಗೆಯಲು ಆಚೆ ಹೋದರು. ಪೊರ್ಬುಗಳು ಬೆಂಚಿನಲ್ಲಿ ನನ್ನ ಪಕ್ಕ ಬಂದು ಕೂತರು. ಕಿತ್ತಳೆ ಸುಲಿದು ಕೊಟ್ಟೆ. ತಿಂದರು. ಆಮೇಲೆ ಒಂದೊಂದೇ ಮಾತು ಹುಡುಕಿ ಹೇಳಿದರು:

“ಅರವತ್ತು ವರ್ಷ ಹೇಳಿದೆ. ಶಾಲೆಯಲ್ಲಿ. ಇಗರ್ಜಿಯಲ್ಲಿ. ಮದುವೆಯಲ್ಲಿ ಹೆಂಡತಿಗೆ. ನನ್ನ ಅಪ್ಪ ಗೋಲು ಹೊಡೆದ. ಈಗ ನನ್ನ ಅಪ್ಪ ಏನು ಮಾಡಿದ? ಏನೂ ಇಲ್ಲ.”

ನನಗೆ ಸಮಾಧಾನ ಹೇಳುವ ಇಂಗ್ಲಿಷ್ ಬರುವುದಿಲ್ಲ, ಕೆಲಸದ್ದು ಮಾತ್ರ ಬರುತ್ತದೆ. ಹಾಗಾಗಿ ಕೆಲಸದ್ದೇ ಹೇಳಿದೆ. ನಮ್ಮ ಮಂಡಲದಲ್ಲಿ ಸಭೆ ಶುರುವಾದ ಕೂಡಲೇ ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಒಂದು ಸಲ ನಾನು ಹೊಲಿಗೆ ಮೆಶಿನು ದಾನ ಕೊಟ್ಟವರ ಜಾಗದಲ್ಲಿ ನನ್ನ ಅತ್ತೆಯ ಹೆಸರು ಬರೆದಿದ್ದೆ. ಬೇಕೆಂದು ಬರೆದದ್ದಲ್ಲ. ಮನಸ್ಸಿನಲ್ಲಿ ಅವರೇ ಇದ್ದರು, ಕೈ ಬರೆಯಿತು.

“ತಿದ್ದಿದ್ದು ಯಾರು?” ಎಂದರು.

“ನಾನೇ ಎದ್ದು ಓದಿದೆ. ಬರೆದವರೇ ಹೇಳಬೇಕು. ಬೇರೆಯವರು ಹೇಳಿದರೆ ಅದು ಜಗಳ.”

“ಅತ್ತೆ?”

“ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಕಷಾಯ ಕೇಳಿದರು.”

ಅವರು ಕಿತ್ತಳೆ ಸಿಪ್ಪೆಯನ್ನು ಸಣ್ಣ ಸಣ್ಣ ಚೂರು ಮಾಡಿ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದರು. ನಾನು ಕೇಳಿದೆ, “ನಿಮ್ಮ ಚಿಕ್ಕಪ್ಪ ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ?”

“ಐದು. ಕೋಳಿಗೂ ಮೊದಲು. ಯಾಕೆ?”

“ಫೋನು ಮಾಡುವುದಾದರೆ ಎದ್ದಿರುತ್ತಾರಲ್ಲ ಎಂದು.”

ಅವರು ಸಿಪ್ಪೆಯ ಚೂರುಗಳನ್ನೆಲ್ಲ ಒಟ್ಟು ಮಾಡಿ, ಎದ್ದು, ದೂರದ ಕಸದ ಡಬ್ಬಿಗೆ ಹಾಕಿ ಬಂದರು.

ಮತ್ತೆ ಅಲ್ ಕುಸೈಸ್, ಶುಕ್ರವಾರ

ಮರುದಿನ ಪ್ರೆಸ್ಸಿಗೆ ಕಳಿಸಬೇಕು. ಬುಧವಾರವೂ ಗುರುವಾರವೂ ಮೇಲಿನ ಮಾಳಿಗೆಯಿಂದ ಸುದ್ದಿಯಿಲ್ಲ. ಆ ಪುಟ ಇನ್ನೂ ಟೈಪಾಗಿಲ್ಲ ಎಂದಷ್ಟೇ ಜುಜಾನಾ ಆಸ್ಪತ್ರೆಯಲ್ಲಿ ಹೇಳಿದ್ದಳಂತೆ. ನಾನು ಶುಕ್ರವಾರ ಇಬ್ಬರನ್ನೂ ಊಟಕ್ಕೆ ಕರೆದೆ. ಬಾರದಿದ್ದರೆ ನನ್ನ ಮೇಲೆ ಬೇಸರ ಎಂದು ಗೊತ್ತಾಗುತ್ತದೆ. ಬಂದರೆ ಉಣ್ಣುತ್ತಾರೆ. ಎರಡರಲ್ಲಿ ಒಂದು ತೀರ್ಮಾನವಾಗಲಿ.

ಹನ್ನೆರಡಕ್ಕೆ ಬಂದರು. ಬೂಟು ಕಳಚಿ ಜೋಡಿಸಿಟ್ಟರು. ಆದರೆ ಮೇಜಿಗೆ ಬರಲಿಲ್ಲ. ಊಟಕ್ಕೆ ಮೊದಲು ಒಂದು ಕೆಲಸ ಇದೆ ಎಂದು ನೇರ ಬಾಲ್ಕನಿಗೆ ಹೋದರು. ಇಲ್ಲಿ ವಾಟ್ಸಾಪಿನಲ್ಲಿ ಮಾತಾಡಲು ಆಗುವುದಿಲ್ಲ. ಜುಜಾನಾ ತನ್ನ ಫೋನಿನಿಂದಲೇ ಊರಿನ ನಂಬರು ಒತ್ತಿ ಕೊಟ್ಟಳು. ಅಲ್ಲಿ ಆಗ ಬೆಳಿಗ್ಗೆ ಒಂಬತ್ತು.

ನಾವು ನಾಲ್ವರೂ ಒಳಗೆ ನಿಂತಿದ್ದೆವು. ಜುಜಾನಾ ಮೆಲ್ಲಗೆ ನಮಗೆ ಹೇಳುತ್ತಾ ಹೋದಳು. ಮೊದಲು ಹವೆಯ ಮಾತು. ಅಲ್ಲಿ ಹಿಮ ಬಿದ್ದಿದೆ. ಪೊರ್ಬುಗಳು ಕರಿಬೇವಿನ ಎಲೆಯೊಂದನ್ನು ಹಿಡಿದು ನಿಂತಿದ್ದರು.

“ಚಿಕ್ಕಪ್ಪ, ಆ ಗೋಲು ನಿಮ್ಮದು, ಅಂದರು,” ಎಂದಳು ಜುಜಾನಾ.

ಆಚೆ ಏನೋ ಹೇಳಿರಬೇಕು. ಪೊರ್ಬುಗಳು ಇನ್ನೂ ಸ್ವಲ್ಪ ದೊಡ್ಡಕ್ಕೆ ಅದನ್ನೇ ಹೇಳಿದರು. ಆಮೇಲೆ ಇನ್ನೊಮ್ಮೆ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದರು. ಎದುರು ಕಟ್ಟಡದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ತಿರುಗಿದಳು. ಕೆಳಗಿನ ದಿನಸಿ ಅಂಗಡಿಯ ಮಲಯಾಳಿ ಹೊರಗೆ ಬಂದು ಮೇಲೆ ನೋಡಿದ.

“ಕಿವಿ ಕೇಳಿಸುವುದಿಲ್ಲವಾ ಪಾಪ?” ಎಂದಳು ವನಿತಾ.

“ಪಾಪವಂತೆ! ಪಕ್ಕದ ಮನೆಯ ಪಿಸುಮಾತೂ ಕೇಳಿಸುತ್ತದೆ ಅವರಿಗೆ,” ಎಂದಳು ಜುಜಾನಾ ಕಣ್ಣೊರೆಸಿ ನಗುತ್ತಾ. “ಮೊದಲ ಸಲವೇ ಕೇಳಿಸಿದೆ. ಮೂರು ಸಲ ಹೇಳಿಸುತ್ತಿದ್ದಾರೆ.”

“ಒಳ್ಳೇ ಅಜ್ಜ,” ಎಂದರು ಸುಧಾಕರ. “ನಾನಾದರೆ ಹತ್ತು ಸಲ ಹೇಳಿಸುತ್ತಿದ್ದೆ.”

ಆಮೇಲೆ ಬಹಳ ಹೊತ್ತು ಆ ಕಡೆಯವರೇ ಮಾತಾಡಿದರು. ಪೊರ್ಬುಗಳು ಹೂಂ, ಹೂಂ ಎನ್ನುತ್ತಿದ್ದರು. ಒಮ್ಮೆ ಫಕ್ಕನೆ ಜೋರಾಗಿ ನಕ್ಕು, ಕೂಡಲೇ ನಮಗೆ ಬೆನ್ನು ಹಾಕಿ ನಿಂತರು. ಭುಜ ಅಲುಗುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ರೊಟ್ಟಿಯ ತಟ್ಟೆ ಜೋಡಿಸಿದೆ. ಅವರು ಬಂದು ಕೂತ ಮೇಲೆ ಜುಜಾನಾಳಿಗೆ ಏನೋ ಹೇಳಿದರು, ಅವಳು ನಮಗೆ ಹೇಳಿದಳು. ಓಂದ್ರೇಯ್ ಅಂದದ್ದು ಇಷ್ಟು: ಬರೆಯುವುದಾದರೆ ಪೂರ್ತಿ ಬರೆ. ಚೆಂಡು ಕೊಟ್ಟವನು ನಿನ್ನಪ್ಪ. ಬಹಳ ಕೆಟ್ಟದಾಗಿ ಕೊಟ್ಟ. ಎಡಗಾಲಿಗೆ ಬಂತು, ನನಗೆ ಎಡಗಾಲು ಬರುವುದೇ ಇಲ್ಲ. ಗೋಲು ಆದದ್ದು ಹೇಗೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಮನೆಗೆ ಹೋಗುವವರೆಗೂ ಅವನು ನನ್ನನ್ನು ಹೆಗಲ ಮೇಲೆ ಹೊತ್ತಿದ್ದ. ನೀನು ತೊಟ್ಟಿಲಲ್ಲಿದ್ದೆ, ನಮ್ಮ ಗಲಾಟೆಗೆ ಎದ್ದು ಅತ್ತೆ.

ಊಟಕ್ಕೆ ಮೊದಲೇ, ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ತಂದೆ ಹೇಳಿದರು, ಮಗಳು ಟೈಪು ಮಾಡಿದಳು. ಸೇಬು ಮತ್ತು ಪ್ಲಾಸ್ಟರಿನ ಸಾಲೂ ಸೇರಿತು. ಅಪ್ಪ ಹೇಳಿದ್ದಕ್ಕಿಂತ ಒಂದು ಸಾಲು ಹೆಚ್ಚು ಟೈಪು ಮಾಡಿದೆ, ಅಂಗಿ ಒಗೆದವರದ್ದು ಎಂದು ಜುಜಾನಾ ನನಗೆ ಮಾತ್ರ ಹೇಳಿದಳು.

ಉಂಡದ್ದು ಕೋಳಿ ಸಾರಿನ ಕೋರಿ ರೊಟ್ಟಿ, ಒಂದು ಸೌತೆಕಾಯಿ ಪಚ್ಚಡಿ, ಆಮೇಲೆ ಖರ್ಜೂರ. ಗರಿಗರಿ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಬೇಕೆಂದು ಹೇಳುವಷ್ಟರಲ್ಲಿ ಪೊರ್ಬುಗಳು ಬಿಸ್ಕತ್ತಿನಂತೆ ಎರಡು ರೊಟ್ಟಿ ಹಾಗೆಯೇ ತಿಂದಿದ್ದರು. ಮೂರನೆಯದನ್ನು ನೆನೆಸಿ ತಿಂದರು. ಖಾರಕ್ಕೆ ಮೂಗು ಕೆಂಪಾಯಿತು, ಬೇಡ ಎನ್ನಲಿಲ್ಲ. ಭಾನುವಾರದಿಂದ ಅಪ್ಪ ಸರಿಯಾಗಿ ಮಲಗಿಲ್ಲ, ಕೋಣೆಯಲ್ಲಿ ನಡೆದಾಡುವುದು ಕೇಳಿಸುತ್ತಿತ್ತು ಎಂದಳು ಜುಜಾನಾ. ನಾನು ಪಾತ್ರೆ ತೊಳೆದು ಬರುವಾಗ ಸುಧಾಕರ ಟಿವಿಯ ಮುಂದೆ, ಹೆಣ್ಣುಮಕ್ಕಳಿಬ್ಬರು ಚಾಪೆಯ ಮೇಲೆ ಮಾತಾಡುತ್ತಾ ಇದ್ದರು. ಎಲ್ಲರಿಗಿಂತ ಮೊದಲು ಮಲಗಿದ್ದು ಪೊರ್ಬುಗಳು. ಸೋಫಾದಲ್ಲಿ ಕೂತ ಹಾಗೆಯೇ, ಬಾಯಿ ಸ್ವಲ್ಪ ತೆರೆದು, ತೊಟ್ಟಿಲ ಮಗುವಿನ ಹಾಗೆ. ಟಿವಿಯ ಸದ್ದು ಕಡಿಮೆ ಮಾಡಲು ಹೇಳಿದೆ. ಬೇಕಾಗಿರಲಿಲ್ಲ. ಐದು ಗಂಟೆಯವರೆಗೆ ಅವರು ಅಲುಗಲಿಲ್ಲ.